ಕಾಫಿ ಕಣದ ಅಂಚಿನಲ್ಲಿ ಕ್ರಿಸ್‌ಮಸ್: ಮಕ್ಕಳೊಂದಿಗೆ ನಕ್ಷತ್ರ, ಗೋದಲಿ, ಉಡುಗೊರೆ ಮಾಡುವ ಬಗೆ

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಕೆಲಸ ಎರಡು ಸಲ ಕೆಟ್ಟಿದೆ, ಎರಡು ಸಲವೂ ಕಾರಣ ಒಂದೇ: ಒಣಗಿರಲಿಲ್ಲ. ಒಮ್ಮೆ ಡಿಸೆಂಬರ್ 23ರ ಸಂಜೆ ನಕ್ಷತ್ರಕ್ಕೆ ಅಂಟಿಸಿದ ಕಾಗದ ರಾತ್ರಿಯ ಮಂಜಿಗೆ ಬಿಟ್ಟುಕೊಂಡು, ಬೆಳಗಾಗುವಾಗ ಜಗುಲಿಯಲ್ಲಿ ಬಿದಿರಿನ ಎಲುಬು ಮಾತ್ರ ತೂಗುತ್ತಿತ್ತು. ಇನ್ನೊಮ್ಮೆ ಕ್ರಿಸ್‌ಮಸ್ ಮರಕ್ಕೆ ತೂಗುವ ಉಪ್ಪುಹಿಟ್ಟಿನ ಬಿಲ್ಲೆಗಳು ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿದು, ಬಳಿದ ಬಣ್ಣವೆಲ್ಲ ಬೆವರಿ ಕಿತ್ತುಬಂತು. ಮಕ್ಕಳು ಅತ್ತರು. ಕಣದಲ್ಲಿ ಕಾಫಿ ಹರವುತ್ತಿದ್ದ ಮಾವ ಅದನ್ನು ನೋಡಿ, "ನೋಡಮ್ಮಾ, ನನ್ನ ಹಣ್ಣಿಗೆ ಹದಿನೈದು ದಿನದ ಬಿಸಿಲು ಬೇಕು. ನಿನ್ನ ನಕ್ಷತ್ರ ಮಾತ್ರ ಒಂದೇ ರಾತ್ರಿಯಲ್ಲಿ ಒಣಗಬೇಕೇ?" ಎಂದರು.

ಅಂದಿನಿಂದ ನಾನು ಕಣದ ಲೆಕ್ಕವನ್ನೇ ಹಿಡಿದಿದ್ದೇನೆ. ಮೂಡಿಗೆರೆ, ಸಕಲೇಶಪುರ, ಬೇಲೂರಿನ ಕಡೆಯವರಿಗೆ ಡಿಸೆಂಬರ್ ಎಂದರೆ ಕಾಫಿ ಕೊಯ್ಲಿನ ತಿಂಗಳು. ಹಗಲು ಚುರುಕಾದ ಬಿಸಿಲು, ಸಂಜೆ ಐದೂವರೆಯಾದರೆ ಚಳಿ, ಬೆಳಿಗ್ಗೆ ಎಲೆಯಿಂದ ತೊಟ್ಟಿಕ್ಕುವಷ್ಟು ಇಬ್ಬನಿ. ಕಾಫಿಯನ್ನು ಬೆಳಿಗ್ಗೆ ಹರವಿ, ಹಗಲೆಲ್ಲ ಕೈಯಾಡಿಸಿ, ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವಂತೆಯೇ ಮಕ್ಕಳ ಕೆಲಸವನ್ನೂ ನಡೆಸಬೇಕು. ಇಬ್ಬನಿ ಇಳಿದ ಮೇಲೆ, ಒಂಬತ್ತೂವರೆಯ ಹೊತ್ತಿಗೆ ಹೊರಗೆ, ನಾಲ್ಕೂವರೆಗೆ ಒಳಗೆ. ಈ ಮಾರ್ಗದರ್ಶಿಯಲ್ಲಿರುವ ಅರ್ಧ ಕೆಲಸ ಕಾಯುವುದೇ ಆಗಿದೆ.

ಮೊದಲು ದಿನಗಳನ್ನು ಹಂಚಿಕೊಳ್ಳಿ

ಕ್ಯಾಲೆಂಡರನ್ನು ಮಕ್ಕಳ ಕೈಗೇ ಕೊಟ್ಟು ಬರೆಸಿ. ನಮ್ಮಲ್ಲಿ ಹೀಗೆ ನಡೆಯುತ್ತದೆ:

- ಡಿಸೆಂಬರ್ ಮೊದಲ ಶನಿವಾರ, ಭಾನುವಾರ: ತೋಟ ಸುತ್ತಿ ಸಾಮಾನು ಆಯುವುದು. ಕಿತ್ತಳೆ ತಿಂದ ಸಿಪ್ಪೆ, ಏಲಕ್ಕಿ ಸಿಪ್ಪೆ ಎತ್ತಿಡಲು ಶುರು.
- 6ರಿಂದ 12: ಉಪ್ಪುಹಿಟ್ಟಿನ ಬಿಲ್ಲೆ, ಕಾಫಿ ಬಣ್ಣದ ಕಾರ್ಡು. ಅಂಚೆಗೆ ಹಾಕುವ ಕಾರ್ಡು 14ರೊಳಗೆ ಮನೆ ಬಿಡಬೇಕು.
- 12 ಅಥವಾ 13: ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯಕ್ಕೆ, ಹಸಿರು ಹುಲ್ಲಾಗಲೆಂದು ರಾಗಿ ಬಿತ್ತುವುದು. ಇದೊಂದು ದಿನ ತಪ್ಪಬಾರದು.
- 14ರಿಂದ 18: ನಕ್ಷತ್ರ.
- 20, 21: ಕಿಡಿಯೊ ಎಂಬ ಸಿಹಿತಿಂಡಿ ಮತ್ತು ಉಡುಗೊರೆಯ ಪೊಟ್ಟಣ.
- 22, 23: ಗೋದಲಿ ಕಟ್ಟುವುದು.

ಎಲ್ಲವನ್ನೂ ಮಾಡಲೇಬೇಕೆಂದಿಲ್ಲ. ಮೊದಲ ವರ್ಷವಾದರೆ ಉಪ್ಪುಹಿಟ್ಟು, ರಾಗಿ ಇವೆರಡು ಸಾಕು. ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ, ದೊಡ್ಡವರ ಕೊಯ್ಲು ಎರಡೂ ಇರುವ ತಿಂಗಳಿನಲ್ಲಿ ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಿಸಲು ಹೋಗಬೇಡಿ. ಐದು ವರ್ಷದೊಳಗಿನವರು ನಾದುತ್ತಾರೆ, ಒತ್ತುತ್ತಾರೆ, ನೀರು ಚಿಮುಕಿಸುತ್ತಾರೆ. ಆರರಿಂದ ಒಂಬತ್ತರವರಿಗೆ ಮೊಂಡು ತುದಿಯ ಕತ್ತರಿ ಕೊಡಬಹುದು. ಬಿದಿರು ಸೀಳುವುದು, ಎಣ್ಣೆಯ ಬಾಣಲೆ, ಕರೆಂಟು ಈ ಮೂರು ದೊಡ್ಡವರವು.

ತೋಟದಲ್ಲಿ ಏನು ಆಯಬೇಕು, ಏನನ್ನು ಮುಟ್ಟಬಾರದು

ಕಾಫಿ ತೋಟದ ನೆರಳಲ್ಲೇ ಅರ್ಧ ಅಂಗಡಿ ಇದೆ. ಉದುರಿದ ಸಿಲ್ವರ್ ಓಕ್ ಎಲೆಯನ್ನು ಮಗುಚಿ ನೋಡಿ; ಕೆಳಮೈ ಬೆಳ್ಳಿಯ ಬಣ್ಣ, ಆಕಾರ ಜರಿಗಿಡದಂತೆ. ಒಣಗಿದರೂ ರೂಪ ಕೆಡುವುದಿಲ್ಲ. ಹಸಿ ಎಲೆಯ ರಸ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಒಣಗಿ ಬಿದ್ದದ್ದನ್ನೇ ಆಯಿರಿ. ಅಡಿಕೆ ಹಾಳೆ, ತೆಂಗಿನ ನಾರು, ಕಳೆದ ವರ್ಷ ಕಡಿದು ಹಾಕಿದ ಕಾಫಿ ಕೊಂಬೆ, ಬೇಲಿಯ ಬಿದಿರು, ರಾಗಿ ಹುಲ್ಲು ಇಷ್ಟಿದ್ದರೆ ಪೇಟೆಯಿಂದ ತರಬೇಕಾದದ್ದು ಕಾಗದ, ದಾರ, ಮೈದಾ, ಪುಡಿ ಉಪ್ಪು ಮಾತ್ರ. ಹಾಸನ ಅಥವಾ ಚಿಕ್ಕಮಗಳೂರು ಪಟ್ಟಣದಲ್ಲಿರುವವರು ಊರಿಗೆ ಹೋದಾಗ ಒಂದು ಚೀಲ ತುಂಬಿಸಿಕೊಂಡು ಬರಬಹುದು. ಹಾಳೆಗಂತೂ ಯಾರೂ ಬೇಡ ಎನ್ನುವುದಿಲ್ಲ.

ಇನ್ನು ಮುಟ್ಟಬಾರದ್ದು. ಗುಲಗಂಜಿ ಕೆಂಪಾಗಿ, ಕಪ್ಪು ಕಣ್ಣಿಟ್ಟುಕೊಂಡು, ಗೊಂಬೆಯ ಕಣ್ಣಿಗೆಂದೇ ಹುಟ್ಟಿದಂತೆ ಕಾಣುತ್ತದೆ. ನಾವೂ ಚಿಕ್ಕವರಿದ್ದಾಗ ಜೇಬು ತುಂಬಿಸಿಕೊಂಡವರೇ. ಆದರೆ ಅದು ಕಡು ವಿಷ. ಸಿಪ್ಪೆ ಒಡೆದ ಅಥವಾ ಅಗಿದ ಒಂದೆರಡು ಕಾಳು ಮಗುವಿನ ಪ್ರಾಣಕ್ಕೇ ಕುತ್ತು ತರಬಹುದು. ಸೂಜಿಯಿಂದ ತೂತು ಮಾಡುವುದಂತೂ ಇನ್ನೂ ಅಪಾಯ. ಹರಳು ಬೀಜ, ದತ್ತೂರಿಯ ಮುಳ್ಳುಕಾಯಿ ಕೂಡ ಅದೇ ಸಾಲಿನವು. ಗೊಂಬೆಯ ಕಣ್ಣಿಗೆ ಕಾಳುಮೆಣಸು, ಅಂಗಿಯ ಗುಂಡಿಗೆ ಒಣ ಕಾಫಿ ಬೀಜ ಇರಲಿ. ತರಗೆಲೆ ಕೆದಕುವ ಮೊದಲು ಕೋಲಿನಿಂದ ಒಮ್ಮೆ ತಟ್ಟಿ ನೋಡಲು ಕಲಿಸಿ. ಆನೆ ಓಡಾಡುವ ಕಡೆಯವರಿಗೆ ಮುಂಜಾವು, ಸಂಜೆ ತೋಟಕ್ಕೆ ಹೋಗಬೇಡಿ ಎಂದು ನಾನು ಹೇಳಬೇಕಾಗಿಲ್ಲ.

ಉಪ್ಪುಹಿಟ್ಟಿನ ಬಿಲ್ಲೆಗಳು

ಅಳತೆ ಸುಲಭ: ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಮುಕ್ಕಾಲರಿಂದ ಒಂದು ಕಪ್ ನೀರು. ಕಲ್ಲುಪ್ಪಾದರೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬಿಲ್ಲೆಯ ಮೈ ತರಿತರಿಯಾಗುತ್ತದೆ. ಗೋಧಿ ಹಿಟ್ಟಿನಲ್ಲೂ ಆಗುತ್ತದೆ, ಬಣ್ಣ ಕಂದು. ರಾಗಿ ಹಿಟ್ಟಿನಲ್ಲಿ ಮಾಡಿ ನೋಡಿದೆ, ಆಗುವುದಿಲ್ಲ. ಅದರಲ್ಲಿ ಜಿಗುಟಿಲ್ಲ, ಒಣಗುವಾಗ ಕೆರೆಯ ತಳದಂತೆ ಬಿರಿಯುತ್ತದೆ.

1. ಹಿಟ್ಟು, ಉಪ್ಪು ಬೆರೆಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಹತ್ತು ನಿಮಿಷ ನಾದಿ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಕೈಗೆ ಅಂಟಿದರೆ ಹಿಟ್ಟು, ಬಿರುಕು ಬಿಟ್ಟರೆ ನಾಲ್ಕು ಹನಿ ನೀರು. ಮಕ್ಕಳ ಕೈಯಲ್ಲಿ ಗಾಯವಿದ್ದರೆ ಅವತ್ತು ಅವರು ನಾದುವುದು ಬೇಡ, ಉಪ್ಪು ಉರಿಯುತ್ತದೆ.
2. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.
3. ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ. ಇದಕ್ಕಿಂತ ದಪ್ಪವಾದರೆ ಒಳಗೆ ಒಣಗುವುದಿಲ್ಲ. ನಮ್ಮ ಹಳೆಯ ತಪ್ಪು ಇದೇ.
4. ಲೋಟದ ಬಾಯಿ, ಬಾಟಲಿಯ ಮುಚ್ಚಳ, ಚಕ್ಕುಲಿ ಒರಳಿನ ನಕ್ಷತ್ರದ ಬಿಲ್ಲೆ ಯಾವುದಾದರೂ ಅಚ್ಚಾಗುತ್ತದೆ. ಮೇಲೆ ಸಿಲ್ವರ್ ಓಕ್ ಎಲೆಯನ್ನೋ ಕಾಫಿ ಬೀಜವನ್ನೋ ಒತ್ತಿ ತೆಗೆದರೆ ಅದರ ಗೆರೆ ಉಳಿಯುತ್ತದೆ.
5. ಅಂಚಿನಿಂದ ಒಂದು ಸೆಂ.ಮೀ. ಒಳಗೆ ಪಪ್ಪಾಯಿ ಎಲೆಯ ಸಣ್ಣ ದಂಟಿನಿಂದ ದಾರಕ್ಕೆ ತೂತು ಮಾಡಿ. ಒಣಗಿದ ಮೇಲೆ ತೂತು ಮಾಡಲು ಹೋದರೆ ಬಿಲ್ಲೆ ಎರಡಾಗುತ್ತದೆ.

ಇನ್ನು ಕಣದ ಕೆಲಸ. ಬಿಲ್ಲೆಗಳನ್ನು ಬಟ್ಟೆ ಹಾಸಿದ ಮೊರದಲ್ಲಿ ಹರಡಿ ಬಿಸಿಲಿಗಿಡಿ. ದಿನಕ್ಕೆ ಎರಡು ಸಲ ಮಗುಚಿ. ಈ ಕೆಲಸ ಮಕ್ಕಳದ್ದು, ಮರೆಯುವುದಿಲ್ಲ. ನಾಲ್ಕೈದು ದಿನ ಬೇಕು. ಬೆರಳಿನಿಂದ ತಟ್ಟಿದಾಗ ಟಕ್ ಎಂದರೆ ಆಯಿತು, ದಪ್ ಎಂದರೆ ಇನ್ನೂ ಹಸಿ. ಓವನ್ ಇರುವವರು 100 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ ಇಟ್ಟರೆ ಸಾಕು. ಆದರೆ ಮೊರ ಹೊರುವ ಸಂಭ್ರಮವನ್ನು ಓವನ್ ಕೊಡುವುದಿಲ್ಲ.

ಒಂದು ಎಚ್ಚರ: ನಾಯಿಗೆ ಸಿಗದಂತೆ ಇಡಿ. ಅಷ್ಟು ಉಪ್ಪು ನಾಯಿಯ ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಕಟ್ಟು ಬಿಚ್ಚಿಕೊಂಡ ಕರು ಬಂದು ಮೂರು ದೇವದೂತರನ್ನು ನೆಕ್ಕಿ ಮುಖವಿಲ್ಲದಂತೆ ಮಾಡಿತ್ತು. ಮಗಳು ಆ ಮೂವರನ್ನೂ ಎಸೆಯಲು ಬಿಡಲಿಲ್ಲ, ಇಂದಿಗೂ ಪೆಟ್ಟಿಗೆಯಲ್ಲಿದ್ದಾರೆ.

ಒಣಗಿದ ಬಿಲ್ಲೆಯನ್ನು ಉಪ್ಪುಕಾಗದದಿಂದ ಉಜ್ಜಿ, ಪೋಸ್ಟರ್ ಬಣ್ಣ ಬಳಿದು, ಅದು ಒಣಗಿದ ಮೇಲೆ ಎರಡೂ ಬದಿಗೆ ವಾರ್ನಿಷ್ ಕೊಡಿ. ಹಿಂಬದಿ ಕಾಣುವುದಿಲ್ಲವೆಂದು ಬಿಟ್ಟರೆ ಜೂನ್ ತಿಂಗಳಲ್ಲಿ ಮಲೆನಾಡಿನ ಮಳೆ ಆ ಬದಿಯಿಂದಲೇ ಒಳನುಗ್ಗುತ್ತದೆ.

ಕಾಫಿ ಬಣ್ಣದ ಕಾರ್ಡು

ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿ ಮೊದಲು ಮಾರಿದ್ದು 1843ರಲ್ಲಿ, ಲಂಡನ್ನಿನಲ್ಲಿ. ಹಬ್ಬಕ್ಕೆ ಬಂದ ರಾಶಿ ಪತ್ರಗಳಿಗೆ ಉತ್ತರ ಬರೆಯಲು ಪುರುಸೊತ್ತಿಲ್ಲದ ಹೆನ್ರಿ ಕೋಲ್ ಎಂಬವರು ಚಿತ್ರಗಾರನೊಬ್ಬನಿಂದ ಬರೆಸಿ ಅಚ್ಚು ಹಾಕಿಸಿದರು. ಅಂದರೆ ಅಚ್ಚಿನ ಕಾರ್ಡು ಹುಟ್ಟಿದ್ದೇ ಕೆಲಸ ತಪ್ಪಿಸಿಕೊಳ್ಳಲು. ನಾವು ಕೈಯಲ್ಲೇ ಬರೆಯೋಣ.

ಇನ್‌ಸ್ಟಂಟ್ ಕಾಫಿ ಪುಡಿ ಮೂರು ಮುಚ್ಚಳಗಳಲ್ಲಿ ತೆಗೆದುಕೊಳ್ಳಿ, ಒಂದೊಂದರಲ್ಲೂ ಒಂದು ಚಮಚ. ಮೊದಲನೆಯದಕ್ಕೆ ಒಂದು ಚಮಚ ಬಿಸಿನೀರು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎಂಟು. ಕಡು, ನಡು, ತಿಳಿ ಮೂರು ಬಣ್ಣ ಸಿಕ್ಕವು. ಫಿಲ್ಟರಿನ ಡಿಕಾಕ್ಷನ್ ಬಳಸುವುದಾದರೆ ಚಿಕೋರಿ ಬೆರೆತದ್ದು ಅಂಟಂಟಾಗಿ ತಡವಾಗಿ ಒಣಗುತ್ತದೆ, ಬರಿ ಕಾಫಿಯದ್ದು ಬೇಗ ಒಣಗುತ್ತದೆ. ತಿಳಿಯಿಂದ ಕಡುವಿಗೆ ಹೋಗಬೇಕು: ಆಕಾಶ, ಗುಡ್ಡಕ್ಕೆ ತಿಳಿ, ಅದು ಒಣಗಿದ ಮೇಲೆ ಮರಕ್ಕೆ ನಡು, ಕೊನೆಯ ಗೆರೆಗಳಿಗೆ ಕಡು. ಕಾಗದ ದಪ್ಪ ಡ್ರಾಯಿಂಗ್ ಹಾಳೆಯೇ ಆಗಬೇಕು; ನೋಟ್‌ಬುಕ್ಕಿನ ಹಾಳೆ ಒದ್ದೆಯಾಗಿ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಏನು ಬರೆಯಬೇಕೆಂದು ಮಕ್ಕಳು ಕೇಳಿದರೆ ಜಾರುಬಂಡಿ, ಹಿಮಸಾರಂಗ ತೋರಿಸಬೇಡಿ. ಅವರು ಕಂಡದ್ದನ್ನು ಬರೆಯಲಿ. ಹಾಸನದ ಸಮೀಪದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ರೋಸರಿ ಚರ್ಚ್ ಇದೆಯಲ್ಲ, ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗುವುದು, ಅದು ಕಾಫಿ ಬಣ್ಣಕ್ಕೆ ಹೇಳಿ ಮಾಡಿಸಿದ ಚಿತ್ರ. ಮೊನಚು ಕಮಾನುಗಳು, ಚಾವಣಿ ಇಲ್ಲದ ಗೋಡೆ, ನೀರಿನಲ್ಲಿ ತಲೆಕೆಳಗಾದ ನೆರಳು. ಸೊಟ್ಟಗೆ ಬರೆದರೂ ಹಾಳು ಚರ್ಚೇ ಅಲ್ಲವೇ, ಒಪ್ಪುತ್ತದೆ.

ಇನ್ನೊಂದು ಬಗೆ ನನಗೆ ಹೆಚ್ಚು ಇಷ್ಟ. ಮಲೆನಾಡಿನ ದರೆಗಳಲ್ಲಿ ಎಲೆಯ ಕೆಳಗೆ ಬಿಳಿ ಪುಡಿ ಇರುವ ಜರಿಗಿಡ ಬೆಳೆಯುತ್ತದೆ; ಶಾಲೆಗೆ ನಡೆದು ಹೋಗುವಾಗ ಅದನ್ನು ಅಂಗೈಯ ಹಿಂದೆ ಒತ್ತಿ ಬಿಳಿ ಹಚ್ಚೆ ಮೂಡಿಸಿಕೊಂಡವರಿಗೆ ಗೊತ್ತು. ಕಾರ್ಡಿಗೆ ಕಡು ಕಾಫಿಯನ್ನು ಎರಡು ಸಲ ಬಳಿದು ಚೆನ್ನಾಗಿ ಒಣಗಿಸಿ. ಎಲೆಯನ್ನು ಪುಡಿಯ ಬದಿ ಕೆಳಗಾಗಿ ಇಟ್ಟು, ಮೇಲೊಂದು ಕಾಗದ ಮುಚ್ಚಿ, ಅಲುಗಿಸದೆ ಅಂಗೈಯಿಂದ ಒತ್ತಿ. ಎಲೆ ಎತ್ತಿದರೆ ಕಂದು ನೆಲದ ಮೇಲೆ ಬಿಳಿಯ ಪುಟ್ಟ ಕ್ರಿಸ್‌ಮಸ್ ಮರ. ಮುಟ್ಟಿದರೆ ಅಳಿಸಿಹೋಗುವ ಕಾರಣ ಅಗಲದ ಪಾರದರ್ಶಕ ಟೇಪನ್ನು ಮೇಲೆ ಮೆಲ್ಲನೆ ಅಂಟಿಸಿ. ನಾಲ್ಕಕ್ಕೆ ಒಂದು ಕೆಡುತ್ತದೆ, ನಾಲ್ಕು ಎಲೆ ಹೆಚ್ಚಿಗೆ ತಂದಿಡಿ.

ಒಳಗಿನ ಬರಹ ಮಗುವಿನ ಅಕ್ಷರದಲ್ಲೇ ಇರಲಿ, ಒತ್ತಕ್ಷರ ತಪ್ಪಿದ್ದರೂ ತಿದ್ದಬೇಡಿ. ತಿದ್ದಿದ ಕಾರ್ಡನ್ನು ಅಜ್ಜಿ ಓದಿ ಪಕ್ಕಕ್ಕಿಡುತ್ತಾರೆ, ತಪ್ಪಿರುವುದನ್ನು ಬೈಬಲಿನೊಳಗೆ ಇಟ್ಟುಕೊಳ್ಳುತ್ತಾರೆ.

ಬೋಳು ಕೊಂಬೆಗೆ ಕಾಫಿ ಹೂ

ಕ್ರಿಸ್‌ಮಸ್ ಮರಕ್ಕೆ ಹತ್ತಿಯ ಹಿಮ ಹಚ್ಚುವುದು ನನಗೆ ಯಾವತ್ತೂ ಹಿಡಿಸಿಲ್ಲ. ಬಲ್ಬಿನ ಪಕ್ಕದ ಹತ್ತಿಗೆ ಬೆಂಕಿ ಹಿಡಿಯುವ ಭಯ ಒಂದು. ನಮ್ಮ ಕಡೆ ಹಿಮವೇ ಬೀಳುವುದಿಲ್ಲ ಎಂಬುದು ಇನ್ನೊಂದು. ನಮ್ಮಲ್ಲಿ ಲೋಕವೆಲ್ಲ ಬೆಳ್ಳಗಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ, ಮೊಗ್ಗು ಅರಳಿಸುವ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಅರಳಿದಾಗ. ಹಾಗಾಗಿ ನಮ್ಮ ಮರ ಕಾಫಿಯ ಒಣ ಕೊಂಬೆ, ಅದರ ಹಿಮ ಕಾಫಿ ಹೂ.

ನಾಲ್ಕು ಅಡಿಯ, ಕವಲು ಹೆಚ್ಚಿರುವ ಕೊಂಬೆಯನ್ನು ಬಣ್ಣದ ಹಳೆಯ ಡಬ್ಬಿಯಲ್ಲಿ ನಿಲ್ಲಿಸಿ ಜಲ್ಲಿ ತುಂಬಿಸಿ. ಬಿಳಿ ತೆಳುಕಾಗದವನ್ನು ಮೂರು ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಐದು ಉದ್ದ ದಳ ಬರುವಂತೆ ಸೀಳಿ, ಬುಡವನ್ನು ತಿರುಚಿ. ಅರೇಬಿಕಾ ತಳಿಯ ಕಾಫಿ ಹೂವಿಗೆ ಐದು ದಳ. ಮಕ್ಕಳು ಆರು ಮಾಡಿದರೆ ರೊಬಸ್ಟಾ ತಳಿ ಎಂದು ಹೇಳಿ ಬಿಡಿ. ಅಂಟಿಸುವಾಗ ಮಾತ್ರ ಒಂದು ವಿಷಯ ನೆನಪಿಸಿ: ಕಾಫಿ ಹೂ ತುದಿಯಲ್ಲಿ ಒಂಟಿಯಾಗಿ ಬಿಡುವುದಿಲ್ಲ, ಗೆಣ್ಣುಗೆಣ್ಣಿಗೂ ಕೊಂಬೆಯನ್ನು ಸುತ್ತುವರಿದು ಗೊಂಚಲಾಗಿ ಕೂರುತ್ತದೆ. ಗೆಣ್ಣಿಗೆ ಎಂಟು ಹತ್ತು ಹೂ ಬಂದರೆ ದೂರದಿಂದ ಥೇಟ್ ತೋಟವೇ. ಇನ್ನೂರು ಹೂ ಬೇಕಾಗುತ್ತದೆ. ನೆಂಟರ ಮಕ್ಕಳು ಬಂದ ದಿನ ಈ ಕೆಲಸ ಇಟ್ಟುಕೊಳ್ಳಿ. ಉಪ್ಪುಹಿಟ್ಟಿನ ಬಿಲ್ಲೆಗಳು ಈ ಕೊಂಬೆಗೇ ತೂಗುತ್ತವೆ.

ಬಿದಿರಿನ ನಕ್ಷತ್ರ

ಇದು ಈ ಬರಹದ ದೊಡ್ಡ ಕೆಲಸ. ಪೇಟೆಯಲ್ಲಿ ಮಡಚುವ ಕಾಗದದ ನಕ್ಷತ್ರ ಸಿಗುತ್ತದೆ, ನಿಜ. ಆದರೆ ಎಂಟು ವರ್ಷ ದಾಟಿದ ಮಕ್ಕಳಿಗೆ ಅಳತೆ, ಕಟ್ಟುವುದು, ತಾಳ್ಮೆ ಮೂರನ್ನೂ ಒಟ್ಟಿಗೆ ಕಲಿಸುವ ಕೆಲಸ ಇದಕ್ಕಿಂತ ಇನ್ನೊಂದಿಲ್ಲ. ಗೆರೆ ಲೆಕ್ಕಕ್ಕೂ ನಕ್ಷತ್ರಕ್ಕೂ ನಂಟು ಹಳೆಯದು. ಜರ್ಮನಿಯ ಮೊರಾವಿಯನ್ ಕ್ರೈಸ್ತರ ಪ್ರಸಿದ್ಧ ಮುಳ್ಳುನಕ್ಷತ್ರ ಹುಟ್ಟಿದ್ದು 19ನೇ ಶತಮಾನದಲ್ಲಿ, ಅವರ ಶಾಲೆಯ ರೇಖಾಗಣಿತದ ತರಗತಿಯಲ್ಲಿ.

ಬೇಕಾದದ್ದು: 62 ಸೆಂ.ಮೀ. ಉದ್ದದ ಹತ್ತು ಬಿದಿರು ಕಡ್ಡಿಗಳು, 10 ಸೆಂ.ಮೀ.ನ ಐದು ಗಿಡ್ಡ ಕಡ್ಡಿಗಳು, ನೂಲಿನ ಹುರಿ, ಗಾಳಿಪಟದ ತೆಳುಕಾಗದ, ಮೈದಾ ಅಂಟು. ಕಡ್ಡಿ ಊದುಬತ್ತಿಗಿಂತ ದಪ್ಪ, ಪೆನ್ಸಿಲ್‌ಗಿಂತ ತೆಳು, ಬಾಗಿದರೆ ಮುರಿಯದಂತಿರಬೇಕು. ದೊಡ್ಡವರು ಸೀಳಿ, ಅಂಚಿನ ಸಿಬಿರನ್ನು ಉಪ್ಪುಕಾಗದದಿಂದ ಉಜ್ಜಿಕೊಡಿ. ಬಿದಿರಿನ ಸಿಬಿರು ಕೈಗೆ ಹೊಕ್ಕರೆ ಅವತ್ತಿನ ಹಬ್ಬ ಅಲ್ಲಿಗೇ ಮುಗಿಯಿತು.

1. ಪ್ರತಿ ಕಡ್ಡಿಗೂ ಎರಡು ಕೊನೆಗಳಿಂದಲೂ 1 ಸೆಂ.ಮೀ.ಗೆ ಒಂದು, 24 ಸೆಂ.ಮೀ.ಗೆ ಇನ್ನೊಂದು ಗುರುತು ಹಾಕಿ. ನಡುವೆ 14 ಸೆಂ.ಮೀ. ಉಳಿಯುತ್ತದೆ. ಕಡ್ಡಿಗಳು ಒಂದನ್ನೊಂದು ಹಾಯುವುದು ಈ 24ರ ಗುರುತಿನಲ್ಲೇ. ಅಂದಾಜಿನಲ್ಲಿ ಕಟ್ಟಿದರೆ ಒಂದು ಕಾಲು ಗಿಡ್ಡವಾದ ನಕ್ಷತ್ರ ಬರುತ್ತದೆ.
2. ಕೈ ಎತ್ತದೆ ಬರೆಯುವ ಐದು ಮೂಲೆಯ ನಕ್ಷತ್ರವನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯಿರಿ. ಐದು ಕಡ್ಡಿಗಳನ್ನು ಅದೇ ಕ್ರಮದಲ್ಲಿ ಅದರ ಮೇಲಿಟ್ಟು, ಮೊದಲು ಐದು ತುದಿಗಳನ್ನು, ಆಮೇಲೆ ಒಳಗಿನ ಐದು ಹಾಯ್ದ ಜಾಗಗಳನ್ನು ಬಿಗಿಯಾಗಿ ಕಟ್ಟಿ.
3. ಇನ್ನೈದು ಕಡ್ಡಿಗಳಿಂದ ಅಂಥದ್ದೇ ಮತ್ತೊಂದು.
4. ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳಲ್ಲಿ ಮಾತ್ರ ಜೋಡಿಸಿ ಕಟ್ಟಿ.
5. ಒಳಗಿನ ಐದು ಹಾಯ್ದ ಜಾಗಗಳಲ್ಲಿ ಎರಡು ನಕ್ಷತ್ರಗಳ ನಡುವೆ ಗಿಡ್ಡ ಕಡ್ಡಿ ನಿಲ್ಲಿಸಿ ಕಟ್ಟಿ. ಕಡ್ಡಿಯ ಎರಡೂ ತುದಿಯಲ್ಲಿ ಸಣ್ಣ ಕಚ್ಚು ಮಾಡಿದ್ದರೆ ಜಾರುವುದಿಲ್ಲ. ಚಪ್ಪಟೆಯಾಗಿದ್ದ ನಕ್ಷತ್ರ ಈಗ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಮಕ್ಕಳು ಕೂಗುವುದು ಇಲ್ಲಿಯೇ.

ಅಂಟಿಗೆ ಎರಡು ದೊಡ್ಡ ಚಮಚ ಮೈದಾವನ್ನು ಅರ್ಧ ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದು ಕಪ್ ನೀರಿಗೆ ಸುರಿದು, ಹೊಳಪು ಬರುವವರೆಗೆ ತಿರುವಿ ಆರಿಸಿ. ಗೋಡೆಗೆ ಪೋಸ್ಟರ್ ಅಂಟಿಸುವವರು ಹುಳ ಬಾರದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು. ಮಕ್ಕಳ ಕೈ ಬಾಯಿಗೆ ಹೋಗುವಲ್ಲಿ ಅದು ಖಂಡಿತ ಬೇಡ. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬಂದರೆ ಚೆಲ್ಲಿ ಹೊಸದು ಮಾಡಿ.

ಕಾಗದ ಕತ್ತರಿಸುವ ಲೆಕ್ಕ: ಮುಂದೆ, ಹಿಂದೆ ಸೇರಿ ಕಾಲುಗಳಿಗೆ ಹತ್ತು ತ್ರಿಕೋನ (23, 23, ಬುಡ 14 ಸೆಂ.ಮೀ.), ನಡುವಿಗೆ 14 ಸೆಂ.ಮೀ. ಬದಿಯ ಎರಡು ಪಂಚಕೋನ, ಪಕ್ಕಗಳಿಗೆ ಒಂಬತ್ತು ಸಣ್ಣ ತ್ರಿಕೋನ (23, 23, ಬುಡ 10). ಎಲ್ಲಕ್ಕೂ ಸುತ್ತ ಒಂದೂವರೆ ಸೆಂ.ಮೀ. ಮಡಿಕೆಗೆ ಬಿಡಿ. ಪಕ್ಕದ ತ್ರಿಕೋನ ಹತ್ತು ಬೇಕಲ್ಲವೇ ಎಂದು ಲೆಕ್ಕ ಬಲ್ಲ ಮಗು ಕೇಳುತ್ತದೆ. ಹತ್ತನೆಯದು ಬಲ್ಬು ಒಳಗೆ ಹೋಗುವ ಬಾಗಿಲು. ನಕ್ಷತ್ರ ನೇತುಹಾಕಿದಾಗ ಅದು ಮೇಲ್ಬದಿಗೆ ಬರುವಂತೆ ನೋಡಿಕೊಳ್ಳಿ.

ಒಂದು ದಿನ ಮುಂದಿನ ಬದಿ ಅಂಟಿಸಿ, ಮರುದಿನ ಹಿಂದಿನದು, ಮೂರನೆಯ ದಿನ ಪಕ್ಕದವು. ಒಂದೇ ದಿನ ಎಲ್ಲ ಅಂಟಿಸಿದರೆ ಹಸಿ ಕಾಗದದ ಮೇಲೆಯೇ ಕೈಯಿಟ್ಟು ಹರಿಯುತ್ತೀರಿ. ಒಣಗಿಸುವುದು ಜಗುಲಿಯ ನೆರಳಿನಲ್ಲಿ, ಬಿಸಿಲಿಗಿಟ್ಟರೆ ಬಣ್ಣ ಮಂಕಾಗುತ್ತದೆ. ಒಳಗೆ ಐದು ವ್ಯಾಟ್‌ನ ಎಲ್‌ಇಡಿ ಬಲ್ಬ್ ಸಾಕು. ಮೇಣದಬತ್ತಿ, ಬಿಸಿಯಾಗುವ ಹಳೆಯ ಬಲ್ಬ್ ಬೇಡವೇ ಬೇಡ. ಸೂರಿನ ಅಂಚಿಗಿಂತ ಎರಡು ಅಡಿ ಒಳಗೆ ತೂಗುಹಾಕಿ, ಅಲ್ಲಿಗೆ ಇಬ್ಬನಿ ಬರುವುದಿಲ್ಲ.

ಕೊಡಲು: ಕಿಡಿಯೊ ಮತ್ತು ಘಮದ ಚೀಲ

ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬದ ತಿಂಡಿಗಳ ತಟ್ಟೆಗೆ ಕುಸ್ವಾರ್ ಎನ್ನುತ್ತಾರೆ. ಅದರಲ್ಲಿ ಮಕ್ಕಳ ಪಾಲಿನದು ಕಿಡಿಯೊ. ಕೊಂಕಣಿಯಲ್ಲಿ ಆ ಮಾತಿಗೆ ಹುಳುಗಳು ಎಂದೇ ಅರ್ಥ, ಅದನ್ನು ಹೇಳಿದ ಮೇಲೆ ಮಕ್ಕಳನ್ನು ಕರೆಯಬೇಕಾಗಿಲ್ಲ. ಎರಡು ಕಪ್ ಮೈದಾ, ಎರಡು ಚಮಚ ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ ಸೇರಿಸಿ, ದಪ್ಪ ತೆಂಗಿನಹಾಲನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಗಟ್ಟಿಯಾಗಿ ನಾದಿ ಅರ್ಧ ಗಂಟೆ ಮುಚ್ಚಿಡಿ. ಹಾಲು ಮುಕ್ಕಾಲು ಕಪ್‌ನ ಆಸುಪಾಸು ಬೇಕಾಗುತ್ತದೆ. ಕಡಲೆ ಗಾತ್ರದ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಅಥವಾ ತೊಳೆದ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿದರೆ ಗೆರೆಗೆರೆಯ ಹುಳು ಸಿದ್ಧ. ದೊಡ್ಡವರು ಮಧ್ಯಮ ಉರಿಯಲ್ಲಿ ಹೊಂಬಣ್ಣಕ್ಕೆ ಕರಿಯಲಿ. ಉರಿ ಜೋರಾದರೆ ಒಳಗೆ ಹಸಿ ಉಳಿದು ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ. ಒಂದು ಕಪ್ ಸಕ್ಕರೆಗೆ ಕಾಲು ಕಪ್ ನೀರು ಹಾಕಿ ಎಳೆ ಪಾಕ ಮಾಡಿ, ಒಲೆ ಆರಿಸಿ, ಕಿಡಿಯೊ ಹಾಕಿ, ಸಕ್ಕರೆ ಬೆಳ್ಳಗೆ ಕಟ್ಟುವವರೆಗೆ ಮಗುಚಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ. ಇಲ್ಲಿಯೂ ಕಣದ ನಿಯಮವೇ.

ತಿಂಡಿ ಒಲ್ಲದವರಿಗೆ ಘಮದ ಚೀಲ. ಅಜ್ಜಿಯ ಹಳೆಯ ಹತ್ತಿ ಸೀರೆಯಿಂದ 12 ಸೆಂ.ಮೀ.ನ ಎರಡು ಚೌಕ ಕತ್ತರಿಸಿ ಮೂರು ಬದಿ ಹೊಲಿಯಿರಿ; ಓಡುಹೊಲಿಗೆ ಏಳು ವರ್ಷದ ಮಕ್ಕಳಿಗೂ ಬರುತ್ತದೆ. ಒಳಗೆ ಗರಿಗರಿಯಾಗಿ ಒಣಗಿದ ಕಿತ್ತಳೆ ಸಿಪ್ಪೆ, ಏಲಕ್ಕಿ ಸಿಪ್ಪೆ, ಜಜ್ಜಿದ ದಾಲ್ಚಿನ್ನಿ, ಒಂದು ಚಮಚ ಕಾಳುಮೆಣಸು, ಒಂದು ಹಿಡಿ ಹುರಿದ ಕಾಫಿ ಬೀಜ. ಹಸಿ ಬೀಜ ಹಾಕಿದರೆ ಕಾಫಿಯ ಘಮವಿಲ್ಲ, ಹುಲ್ಲಿನ ವಾಸನೆ ಬರುತ್ತದೆ. ಬಟ್ಟೆಯ ಬೀರುವಿಗೆ ಕೆಲವು ವಾರ ಚೆನ್ನ. ನಾಲ್ಕನೆಯ ಬದಿಯನ್ನು ಹೊಲಿಯದೆ ದಾರದಿಂದ ಕಟ್ಟಿಕೊಟ್ಟರೆ ಪಡೆದವರು ಬೀಜ ಬದಲಿಸಿಕೊಳ್ಳಬಹುದು. ಪೊಟ್ಟಣಕ್ಕೆ ಮಿರುಗುವ ಪ್ಲಾಸ್ಟಿಕ್ ಬೇಡ, ಅಡಿಕೆ ಹಾಳೆಯನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ ಮಡಚಿ ಬಾಳೆನಾರಿನಿಂದ ಕಟ್ಟಿದರೆ ಒಣಗಿದ ಮೇಲೆ ಅದೇ ಗಟ್ಟಿ ಪೆಟ್ಟಿಗೆ. ಇದನ್ನು ತಿಂಡಿ ಹಾಕುವುದಕ್ಕೆ ಎರಡು ದಿನ ಮೊದಲೇ ಮಾಡಿ ಒಣಗಿಸಿ.

ಗೋದಲಿ

ಇಟಲಿಯ ಗ್ರೆಚೊ ಎಂಬ ಊರಿನಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆ ತಂದು ಗೋದಲಿಯ ದೃಶ್ಯ ಕಟ್ಟಿದರು. ಹುಲ್ಲು, ದನ ಇರುವ ಊರಿನವರಿಗೆ ಅದಕ್ಕಿಂತ ಸುಲಭದ್ದು ಯಾವುದಿದೆ?

13ರಂದು ಬಿತ್ತಬೇಕೆಂದರೆ 12ರ ರಾತ್ರಿಯೇ ಎರಡು ಹಿಡಿ ರಾಗಿ ನೆನೆಹಾಕಿ. ಹಾಳೆ ತಟ್ಟೆಗಳಲ್ಲಿ ಎರಡು ಬೆರಳು ಮಣ್ಣು, ಗೊಬ್ಬರ ಹರಡಿ, ನೀರು ಬಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಬೆಳಿಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸಿದರೆ ಸಾಕು, ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ರಾತ್ರಿಯ ಚಳಿಗೆ ಮೊಳಕೆ ತಡವಾಗುವುದರಿಂದ ತಟ್ಟೆಗಳನ್ನು ಸಂಜೆ ಅಡುಗೆಮನೆಯ ಬೆಚ್ಚಗಿನ ಮೂಲೆಗೆ ತನ್ನಿ. ನಾಲ್ಕನೆಯ ದಿನ ಹಸಿರು ಕಣ್ಣು ಬಿಡುತ್ತದೆ, 24ರ ಹೊತ್ತಿಗೆ ಎರಡು ಮೂರು ಅಂಗುಲ. ಹೆಸರುಕಾಳು ಬೇಗ ಬರುತ್ತದಾದರೂ ಕುರಿಗಿಂತ ಎತ್ತರ ಬೆಳೆದು ಬೀಳುತ್ತದೆ.

ಕೊಟ್ಟಿಗೆಗೆ ಹಾಳೆಯ ಗೋಡೆ, ರಾಗಿ ಹುಲ್ಲಿನ ಸೂರು. ಗೊಂಬೆಗಳನ್ನು ಜೇಡಿಮಣ್ಣಿನಲ್ಲಿ ಮಕ್ಕಳೇ ಮಾಡಲಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಕುತ್ತಿಗೆ ಬಿರಿಯುತ್ತದೆ. ಅವರು ಏನು ಮಾಡಿದರೂ ಜಾಗ ಕೊಡಿ. ತಂಗಿಯ ಮಗ ಆನೆ ಮಾಡಿ ತಂದ. ಬೆತ್ಲೆಹೇಮಿನಲ್ಲಿ ಆನೆ ಇರಲಿಲ್ಲ ಕಂದಾ ಎಂದೆ. "ದೊಡ್ಡಮ್ಮಾ, ನಮ್ಮ ತೋಟಕ್ಕೆ ಬಂದಿದೆ, ಅಲ್ಲಿಗೆ ಹೋಗಲು ಅದಕ್ಕೇನು ಕಷ್ಟ?" ಎಂದ. ಅದು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಹಿಂದೆ ನಿಂತಿದೆ, ಅವರಿಗಿಂತ ದೊಡ್ಡದಾಗಿ.

ಬಾಲಯೇಸುವಿನ ಗೊಂಬೆಯನ್ನು ಮಾತ್ರ ಮೊದಲೇ ಇಡುವುದಿಲ್ಲ. 24ರ ರಾತ್ರಿ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಕಿರಿಯ ಮಗುವನ್ನು, ನಿದ್ದೆಗಣ್ಣಿನಲ್ಲಿದ್ದರೂ ಎತ್ತಿಕೊಂಡು ಬಂದು, ಅದರ ಕೈಯಿಂದಲೇ ಇಡಿಸಬೇಕು.

ಜನವರಿ 6ಕ್ಕೆ ಎಲ್ಲವನ್ನೂ ಇಳಿಸುತ್ತೇವೆ. ಉಪ್ಪುಹಿಟ್ಟಿನ ಬಿಲ್ಲೆಗಳನ್ನು ಒಂದು ಹಿಡಿ ಅಕ್ಕಿಯ ಜೊತೆ ತಗಡಿನ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಹಾಕಿ. ನಕ್ಷತ್ರದ ಕಾಗದ ಹರಿದಿದ್ದರೂ ಬಿದಿರನ್ನು ಇಟ್ಟುಕೊಳ್ಳಿ, ಮುಂದಿನ ವರ್ಷಕ್ಕೆ ಕಾಗದ ಮಾತ್ರ ಸಾಕು. ಹಳದಿಗೆ ತಿರುಗಿದ ರಾಗಿ ಪೈರನ್ನು ಬುಡಸಮೇತ ಎಬ್ಬಿಸಿ, ಮಣ್ಣು ಕೊಡವಿ, ನಮ್ಮ ಮಕ್ಕಳು ಕೊಟ್ಟಿಗೆಗೆ ಒಯ್ಯುತ್ತಾರೆ. ದೇವದೂತರನ್ನು ನೆಕ್ಕಿದ ಕರು ಈಗ ಹಸುವಾಗಿದೆ, ಪಾಲು ಅದರದ್ದೇ.